ಹಸಿ ಬಣ್ಣದ ಬಾಗಿಲು

ಭಾನುವಾರ, ಮಧ್ಯಾಹ್ನ

ನಮ್ಮವರಿಗೆ,

ಹೀಗೆ ಬರೆಯಲು ಕೈ ತುಸು ತಡೆಯಿತು. ಹೆಸರು ಹಿಡಿದು ಬರೆದರೆ ಕಚೇರಿಯ ಕಾಗದದಂತೆ ಕಾಣುತ್ತದೆ, ಏನೂ ಬರೆಯದಿದ್ದರೆ ಕಾಲು ಕೆರೆದು ಜಗಳಕ್ಕೆ ನಿಂತಂತೆ. ಹಳೆಯದೇ ಇರಲಿ.

ನಿಮ್ಮ ಸಂದೇಶ ಓದಿದೆ. ಮುಂದಿನ ವಾರ ಬಣ್ಣದ ಕಂಪನಿಯವರು ಮನೆಗೆ ಬರುತ್ತಾರೆ; ಗಂಡ ಹೆಂಡತಿ ಸೇರಿ ಮನೆ ಸಿಂಗರಿಸುವುದರ ಬಗ್ಗೆ ಒಂದು ಪುಸ್ತಕ ತರುತ್ತಾರೆ; ಅದರಲ್ಲಿ ನಾವಿಬ್ಬರು ಇರಬೇಕು. ಅದಾದರೆ ನೀವು ನೌಕರಿ ಬಿಟ್ಟು ಇದನ್ನೇ ಕೆಲಸ ಮಾಡಿಕೊಳ್ಳಬಹುದು. ‘ಜೋಡಿ ಇಲ್ದೆ ಅವ್ರು ಒಪ್ಪಲ್ಲ ಕಣೇ, ಅರ್ಧ ದಿನ ಬಂದು ಪಕ್ಕದಲ್ಲಿ ನಿಲ್ಲು, ಸಾಕು’ ಎಂದಿದ್ದೀರಿ. ಮದುವೆಯಾದಂದಿನಿಂದ ನೀವು ಬಯಸಿದ್ದು ಇದೊಂದನ್ನೇ ಎಂದು ನನಗೆ ಗೊತ್ತು. ಫೋನಿನಲ್ಲಿ ಮಾತಾಡಿದ್ದರೆ ಹೂಂ ಅಂದುಬಿಡುತ್ತಿದ್ದೆನೋ ಏನೋ. ಅದಕ್ಕೇ ಈ ಕಾಗದ.

ನಮ್ಮಿಬ್ಬರ ಕೆಲಸ ಚೆನ್ನಾಗಿಯೇ ಇತ್ತು. ಅದನ್ನು ಇಲ್ಲ ಎನ್ನಲಾರೆ. ಗುಜರಿ ಅಂಗಡಿಯಿಂದ ಮೂರು ಕಾಲಿನ ಮೇಜು ಹೊತ್ತು ತಂದು, ನಾಲ್ಕನೆಯ ಕಾಲು ಹುಡುಕಿಕೊಂಡು ಊರೆಲ್ಲ ಅಲೆದದ್ದು ನೆನಪಿದೆಯೇ? ಉಪ್ಪುಕಾಗದ ಹಿಡಿದು ಹಳೆಯ ಪಾಲಿಶ್ ಉಜ್ಜಿ ತೆಗೆಯುವುದು ನನ್ನ ಪಾಲು, ಬಣ್ಣ ಬಳಿಯುವುದು ನಿಮ್ಮ ಪಾಲು. ಊಟಕ್ಕೆ ಕೂತರೆ ಅನ್ನಕ್ಕಿಂತ ಮರದ ಪುಡಿಯೇ ಹೆಚ್ಚು. ಪಕ್ಕದ ಮನೆಯ ದಂತವೈದ್ಯೆ ಹೊಸ್ತಿಲಾಚೆಯೇ ನಿಂತು, ‘ಒಳಗೆ ಬರಲ್ಲಪ್ಪ, ಒಂದು ಗಳಿಗೆ ಸುಮ್ನೆ ನಿಂತ್ರೆ ನಂಗೂ ಪ್ರೈಮರ್ ಹೊಡೀತೀರಿ’ ಎನ್ನುತ್ತಿದ್ದರು. ಆಗ ನಾವು ನಮಗಾಗಿ ಮಾಡುತ್ತಿದ್ದೆವು. ಮಾಡಿದ ಮೇಜಿನ ಮೇಲೆ ಕಾಫಿ ಚೆಲ್ಲುತ್ತಿದ್ದೆವು.

ಕ್ಯಾಮೆರಾದಲ್ಲಿ ಚಿತ್ರ ತೆಗೆದು ಇಂಟರ್ನೆಟ್ಟಿನಲ್ಲಿ ಜನಕ್ಕೆ ತೋರಿಸಲು ಶುರುಮಾಡಿದ್ದು ಯಾವಾಗ? ನೆನಪಿಲ್ಲ, ನಾನೂ ಖುಷಿಪಟ್ಟಿದ್ದೆ. ಆಮೇಲಾಮೇಲೆ ಬಟ್ಟಲಲ್ಲಿಟ್ಟ ನಿಂಬೆಹಣ್ಣು ಹಿಂಡುವುದಕ್ಕಲ್ಲ, ನೋಡುವುದಕ್ಕೆ ಎಂದಾಯಿತು. ಸೋಫಾದಲ್ಲಿ ಒರಗಿದರೆ ದಿಂಬು ಸರಿಮಾಡಲು ನೀವು ಹಿಂದೆಯೇ ಬರುತ್ತಿದ್ದಿರಿ.

ಅಷ್ಟರಲ್ಲಿ ಸೊಂಟದ ಮೂಳೆ ಮುರಿದುಕೊಂಡು ಅಪ್ಪ ಬಂದರು, ಜೊತೆಗೆ ಅವರ ಪ್ಲಾಸ್ಟಿಕ್ ಕುರ್ಚಿ. ಅದರ ಎರಡು ಕೈಗಳನ್ನು ಊರಿಯೇ ಅವರು ಏಳಬೇಕು. ನೀವು ಕೆಟ್ಟವರಲ್ಲ. ‘ಮಾವ, ನಿಮಗೊಂದು ಚೆಂದದ ಕುರ್ಚಿ ಮಾಡ್ಕೊಡ್ತೀನಿ ನೋಡ್ತಿರಿ’ ಎಂದಿರಿ, ಮಾಡಿಯೂ ಕೊಟ್ಟಿರಿ. ಚೆಂದವೇ ಇತ್ತು. ತಗ್ಗಾಗಿತ್ತು, ಕೈಗಳಿರಲಿಲ್ಲ. ಅಪ್ಪ ಅದನ್ನು ಬಾಯಿತುಂಬ ಹೊಗಳಿ ಪ್ಲಾಸ್ಟಿಕ್ ಕುರ್ಚಿಗೇ ಮರಳಿದರು. ಅಲ್ಲಿಂದ ಪ್ರತಿ ಸಲ ಚಿತ್ರ ತೆಗೆಯುವಾಗ ಆ ಕುರ್ಚಿ ಬಾಲ್ಕನಿಗೆ ಹೋಗುತ್ತಿತ್ತು. ಕುರ್ಚಿಯ ಹಿಂದೆ ಅಪ್ಪ.

ಗಾಜಿನ ಬಾಗಿಲಿನ ಬೀರು ಮುಗಿದ ದಿನ ಬಣ್ಣ ಉಳಿಯಿತೆಂದು ನೀವು ಬಾಲ್ಕನಿಯ ಬಾಗಿಲಿಗೂ ಬಳಿದಿರಿ. ಅಪ್ಪನನ್ನು ಹೊರಗೆ ಕೂರಿಸಿದೆವು. ಬಾಗಿಲು ತೆರೆದಿದ್ದರೆ ಬೆಳಕು ಬೀರುವಿನ ಮೇಲೆ ಸರಿಯಾಗಿ ಬೀಳುವುದಿಲ್ಲವೆಂದು ಅದನ್ನು ಎಳೆದು ಮುಚ್ಚಿದಿರಿ, ಬಣ್ಣ ಇನ್ನೂ ಹಸಿ. ಹಾಡು ಜೋರಾಗಿ ಹಾಕಿದ್ದಿರಿ. ನಾನು ಬಾಲ್ಕನಿಗೆ ಬೆನ್ನು ಹಾಕಿ, ಬೀರುವಿನ ಮೇಲೆ ಬೆಳಕು ಬೀಳಲೆಂದು ಬಿಳಿ ಬಟ್ಟೆ ಅಗಲಿಸಿ ಹಿಡಿದು ನಿಂತಿದ್ದೆ. ‘ಇನ್ನೊಂದು, ಇನ್ನೊಂದೇ ಒಂದು’ ಎನ್ನುತ್ತಲೇ ಇದ್ದಿರಿ. ಬಿಸಿಲು ನಡುಮನೆಯಿಂದ ಹೊರಟು ಬಾಲ್ಕನಿ ಸೇರಿತ್ತು.

ತೆರೆಯಲು ಹೋದರೆ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತ್ತು. ನೀವು ಚಾಕು ತೂರಿಸಿ ಅಂಚಿನುದ್ದಕ್ಕೂ ಕೊಯ್ದು ಬಿಡಿಸಬೇಕಾಯಿತು. ಅಪ್ಪ ಕುರ್ಚಿಯಲ್ಲೇ ಇದ್ದರು. ಮುಖ ಕೆಂಪಾಗಿತ್ತು, ಬಟ್ಟೆ ಒದ್ದೆಯಾಗಿತ್ತು. ರೈಲಿನಲ್ಲಿ ಗಾರ್ಡ್ ಆಗಿದ್ದವರಲ್ಲವೇ, ‘ನೀವು ಹಸಿರು ಬಾವುಟ ತೋರಿಸ್ಲಿಲ್ಲ, ನಾನು ಗಾಡಿ ಬಿಡ್ಲಿಲ್ಲ’ ಎಂದರು. ನೀವು ನಕ್ಕಿರಿ. ನಾನೂ ನಕ್ಕೆ. ‘ಬಾಗಿಲು ತಟ್ಟಬಾರ್ದಿತ್ತಾ ಮಾವ?’ ಎಂದು ಕೇಳಿದಿರಿ. ‘ಯಾಕಪ್ಪ, ಹಸಿ ಬಣ್ಣ. ಕೈ ತಾಗಿ ಕೆಟ್ಟೀತು ಅಂತ ಸುಮ್ನೆ ಕೂತೆ’ ಎಂದರು.

ಆಗ ನೀವು ಬಾಗಿಲಿನ ಅಂಚು ನೋಡಿ, ‘ಇದನ್ನ ಮತ್ತೆ ಬಳೀಬೇಕು’ ಎಂದಿರಿ.

ನಾನು ಅಪ್ಪನ ಬಟ್ಟೆ ಬದಲಿಸುತ್ತಿದ್ದೆ. ಆ ವಾರದ ಕೊನೆಗೆ ಅಪ್ಪ, ನಾನು ಮನೆ ಬಿಟ್ಟು ಹೊರಟೆವು. ಈ ಮನೆ ಆಸ್ಪತ್ರೆಗೆ ಹತ್ತಿರ, ಮೆಟ್ಟಿಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ನಿಮ್ಮ ಅಕ್ಕ ಫೋನು ಮಾಡಿ, ‘ಬಣ್ಣದ ವಿಷಯಕ್ಕೆ ಯಾರಾದ್ರೂ ಗಂಡನ್ನ ಬಿಡ್ತಾರೇನೇ?’ ಎಂದರು. ಅವರಿಗೆ ತಿಳಿದಿರುವುದು ಅಷ್ಟೇ, ನೀವು ಹೇಳಿದ್ದೂ ಅಷ್ಟೇ ಇರಬೇಕು.

ಒಂದು ಮಧ್ಯಾಹ್ನವನ್ನು ಇಷ್ಟು ವರ್ಷಗಳ ಎದುರು ಇಟ್ಟು ತೂಗುವುದು ನ್ಯಾಯವೇ ಎಂದು ನನ್ನನ್ನೇ ಬಹಳ ಸಲ ಕೇಳಿಕೊಂಡಿದ್ದೇನೆ. ಬಿಳಿ ಬಟ್ಟೆ ಹಿಡಿದು ನಿಂತವಳು ನಾನೇ ತಾನೆ. ಬಾಗಿಲು ಕಚ್ಚಿಕೊಂಡದ್ದು ಯಾರ ಮನೆಯಲ್ಲಾದರೂ ಆಗಬಹುದು. ಆದ್ದರಿಂದ ಅದಕ್ಕಾಗಿ ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ಖಂಡಿತ ಇಲ್ಲ.

ಆದರೂ ನಾನು ಬರುವುದಿಲ್ಲ. ಈ ಕೆಲಸ ಕೈತಪ್ಪಿದರೆ ಮತ್ತೆ ಸಿಗಲಾರದು ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಹುಷಾರಿಲ್ಲ ಎನ್ನಿ, ಊರಲ್ಲಿಲ್ಲ ಎನ್ನಿ, ಏನು ಬೇಕಾದರೂ ಹೇಳಿಕೊಳ್ಳಿ. ಜೋಡಿ ಎಂದು ಮಾತ್ರ ಹೇಳಬೇಡಿ.

ಊಟ ತಪ್ಪಿಸಬೇಡಿ. ಥಿನ್ನರ್ ವಾಸನೆಯಲ್ಲೇ ಮಲಗಬೇಡಿ, ಕಿಟಕಿ ತೆರೆದಿಡಿ.

ಇಂತಿ,
ಕಾನೂನಿನ ಪ್ರಕಾರ ಇನ್ನೂ ನಿಮ್ಮವಳು

ಮತ್ತೆ: ಸಿಟ್ಟಿಲ್ಲ ಎಂದು ಬರೆದೆನಲ್ಲ, ಅದು ಬಾಗಿಲಿನ ಮಟ್ಟಿಗೆ. ಅಂದು ನೀವು ಸ್ನಾನಕ್ಕೆ ಹೋಗಿದ್ದಾಗ ನಾನು ಕ್ಯಾಮೆರಾದಲ್ಲಿದ್ದ ಚಿತ್ರಗಳನ್ನು ನೋಡಿದೆ. ಬೀರುವಿನ ಗಾಜಿನಲ್ಲಿ ಬಾಲ್ಕನಿಯ ಬಾಗಿಲು ಪ್ರತಿಬಿಂಬಿಸಿತ್ತು. ಆ ಬಾಗಿಲಿನ ಕಿಂಡಿಯ ಗಾಜಿಗೆ ಅಂಗೈ ಒತ್ತಿಕೊಂಡು ಅಪ್ಪ ನಿಂತಿದ್ದರು. ಬಾಯಿ ತೆರೆದಿತ್ತು, ಕರೆಯುತ್ತಿದ್ದರು. ಒಂದರಲ್ಲಲ್ಲ, ಸಾಲಾಗಿ ಹಲವು ಚಿತ್ರಗಳಲ್ಲಿ. ಮರುದಿನ ನೀವು ಜನಕ್ಕೆ ತೋರಿಸಿದ ಚಿತ್ರದಲ್ಲಿ ಆ ಗಾಜು ಖಾಲಿಯಾಗಿತ್ತು. ಒಂದೊಂದು ಬೆರಳನ್ನೂ ಹಾಗೆ ನಾಜೂಕಾಗಿ ಅಳಿಸಬೇಕಾದರೆ ದೊಡ್ಡದು ಮಾಡಿ ನೋಡಿರಲೇಬೇಕು. ನೀವಾಗಿಯೇ ಹೇಳುತ್ತೀರೆಂದು ಆ ವಾರವಿಡೀ ಕಾದೆ. ಬಾಗಿಲು ತಟ್ಟದೆ ಸುಮ್ಮನೆ ಕೂತೆ ಎಂದು ಅಪ್ಪ ಹೇಳಿದ್ದನ್ನು ನಾನು ನಂಬಿದ್ದೇನೆಂದೇ ಅವರು ತಿಳಿದಿದ್ದಾರೆ. ಅವರು ಹಾಗೆಯೇ ತಿಳಿದುಕೊಂಡಿರಲಿ. ನನಗೇನೂ ಗೊತ್ತಿಲ್ಲ ಎಂಬ ಆ ನೆಮ್ಮದಿ ನಿಮಗೆ ಮಾತ್ರ ಸಿಗಬಾರದು ಎಂದು ನನಗೆ ಅನಿಸಿತು.