ಎರಡು ಮೇಜುಗಳ ನಡುವೆ ಹೋದ ಕಣ್ಣು

ಜಿಲ್ಲಾ ಸಮಾಜ ಕಲ್ಯಾಣಾಧಿಕಾರಿಗಳೇ,

ಮಾನ್ಯರೇ, ನಿಮ್ಮ ಕಚೇರಿಯ ಪ್ರಕಾರ ನನ್ನ ಅವ್ವ ಅಕಿತೆಂಗ್ ಮುದುಕಿಯೂ ಅಲ್ಲ, ಕುರುಡಿಯೂ ಅಲ್ಲ. ಹಾಗಾದರೆ ಮೊನ್ನೆ ಮುದ್ದೆಯ ಗಡಿಗೆ ಇಳಿಸಲು ಹೋಗಿ, ಉರಿಯುವ ಕೊಳ್ಳಿಯನ್ನೇ ಹಿಡಿದು ಅಂಗೈ ಸುಟ್ಟುಕೊಂಡವಳು ಯಾರು? ತಾವೇ ತಿಳಿಸಬೇಕು.

ಕಣ್ಣಿನ ವೈದ್ಯರ ತಂಡ ನಮ್ಮ ತೇಸೊ ಸೀಮೆಗೆ ವರ್ಷಕ್ಕೊಮ್ಮೆ ಬರುತ್ತದೆ. ಶಸ್ತ್ರಚಿಕಿತ್ಸೆಯ ಪಟ್ಟಿಗೆ ಸೇರಲು ನಿಮ್ಮ ಪತ್ರ ಬೇಕು: ಎಂಬತ್ತು ದಾಟಿದವರಿಗೆ ವೃದ್ಧರ ಮೇಜಿನಿಂದ, ಉಳಿದವರಿಗೆ ಅಂಗವಿಕಲರ ಮೇಜಿನಿಂದ. ಎರಡೂ ಒಂದೇ ಕೋಣೆಯಲ್ಲಿ ಮುಖಾಮುಖಿ ಇವೆ. ಕಳೆದ ವರ್ಷ ಅವ್ವನನ್ನು ಬಾಡಿಗೆ ಸೈಕಲ್ಲಿನ ಹಿಂದೆ ಕೂರಿಸಿ ಅಲ್ಲಿಗೆ ಕರೆದೊಯ್ದೆ. ಅಂಗವಿಕಲರ ಮೇಜಿನವರು ತಲೆಯನ್ನೂ ಎತ್ತದೆ, "ಇದು ಅಂಗವಿಕಲತೆ ಅಲ್ಲಮ್ಮ, ವಯಸ್ಸು. ವಯಸ್ಸಾದ್ಮೇಲೆ ಕಣ್ಣು ಮಂಜಾಗ್ದೆ ಇನ್ನೇನಾಗುತ್ತೆ? ಎದುರಿಗೆ ಹೋಗಿ" ಎಂದರು. ಎದುರಿನವರು ಗುರುತಿನ ಚೀಟಿ ನೋಡಿ ನಕ್ಕರು. "ಅರವತ್ತಾರಕ್ಕೇ ಮುದುಕಿ ಅಂದ್ರೆ ಹೇಗಜ್ಜಿ? ಇನ್ನೂ ಹದಿನಾಲ್ಕು ವರ್ಷ ಕಾಯ್ಬೇಕು."

ಕರೆದದ್ದು ಮಾತ್ರ ಅಜ್ಜಿ ಎಂದೇ!

ಈ ಅರವತ್ತಾರು ಎಲ್ಲಿಂದ ಬಂತು? ಚೀಟಿ ಬರೆಯಲು ಬಂದವನಿಗೆ ಅವ್ವ, ಮಿಡತೆ ಬಂದ ವರ್ಷ ಹುಟ್ಟಿದೆ ಎಂದಿದ್ದಳು. ನಮ್ಮ ಕಡೆ ಮಿಡತೆ ಬಂದದ್ದು ಎರಡು ಸಲ, ನಡುವೆ ಹದಿನಾರು ವರ್ಷ. ಅವ್ವ ಹುಟ್ಟಿದ್ದು ಮೊದಲನೆಯದರಲ್ಲಿ, ಆ ಮಹಾಶಯ ಎರಡನೆಯದನ್ನು ಬರೆದುಕೊಂಡ. ಕಳೆದ ವರ್ಷ ನನಗೇ ಅರವತ್ತೆರಡು. "ನಾಲ್ಕನೇ ವಯಸ್ಸಲ್ಲಿ ನನ್ನ ಹೆತ್ತಳೇನಪ್ಪಾ?" ಎಂದು ವೃದ್ಧರ ಮೇಜಿನವರನ್ನು ಕೇಳಿದೆ. "ಹಾಗಾದ್ರೆ ನಿಮ್ ಚೀಟಿನೇ ತಪ್ಪಿರ್ಬೇಕು, ಸರಿ ಮಾಡಿಸ್ಕೊಳ್ಳಿ" ಎಂಬ ಉತ್ತರ ಬಂತು. ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿದವಳು ನಾನು. ಅವ್ವನ ಕೈ ಹಿಡಿದು ಎದ್ದೆ.

ಹೊರಗೆ ಬಂದ ಮೇಲೆ ಅವ್ವ ಕೇಳಿದಳು: "ಅಲ್ಲ ಕಣೇ, ಇಬ್ರೂ ಎದುರುಬದುರೇ ಕೂತಿದಾರೆ, ಒಬ್ರನ್ನೊಬ್ರು ಮಾತಾಡ್ಸಲ್ವಾ? ಜಗಳಗಿಗಳ ಆಗಿದ್ಯಾ?"

ತಂಡ ಬಂದು ಹೋಯಿತು. ಕಣ್ಣಿನ ಪೊರೆ ಹಣ್ಣಾಗಿ, ಒಳಗೆ ಒತ್ತಡ ಏರಿ, ಅವ್ವನ ಎಡಗಣ್ಣು ಶಾಶ್ವತವಾಗಿ ಹೋಯಿತು. ನೋವು ತಾಳಲಾರದೆ ಹಗಲಿಡೀ ಗೋಡೆಗೆ ಹಣೆ ಒತ್ತಿಕೊಂಡು ಕೂತಿರುತ್ತಿದ್ದಳು. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಬಲಗಣ್ಣಿಗೆ ಬೆಳಕು, ನೆರಳು ಇನ್ನೂ ತಿಳಿಯುತ್ತದೆ. ಈಗಲೇ ಪೊರೆ ತೆಗೆದರೆ ಅದು ಉಳಿದೀತು ಎಂದು ಆಸ್ಪತ್ರೆಯ ದಾದಿ ಹೇಳಿದ್ದಾಳೆ. ತಂಡ ಮುಂದಿನ ಸೋಮವಾರ ಬರುತ್ತದೆ, ಪಟ್ಟಿ ಶುಕ್ರವಾರವೇ ಮುಗಿಯುತ್ತದೆ.

ಮಿಡತೆಗಳನ್ನು ಸಾಕ್ಷಿಗೆ ಕರೆತರಲು ನನ್ನಿಂದಾಗದು. ಶುಕ್ರವಾರದೊಳಗೆ ಯಾವುದಾದರೊಂದು ಮೇಜಿನಿಂದ ಪತ್ರ ಕೊಡಿಸಿ. ಮುದುಕಿ ಎಂದು ಬರೆಯಿರಿ, ಕುರುಡಿ ಎಂದು ಬರೆಯಿರಿ, ಅವ್ವನಿಗೆ ಬೇಸರವಿಲ್ಲ. ಅವಳಲ್ಲಿ ಇನ್ನು ಉಳಿದಿರುವುದು ಒಂದೇ ಕಣ್ಣು, ನಿಮ್ಮಲ್ಲಿರುವುದು ಎರಡು ಮೇಜು.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ನಾಲ್ಕು ವರ್ಷದ ತಾಯಿಗೆ ಹುಟ್ಟಿದ,
ಅಮೊಂಗಿನ್, ನಿವೃತ್ತ ಲೆಕ್ಕದ ಮೇಡಂ