ಹಲಗೆಯ ಆಚೆ ಮಾವಾರು

ನಾಗನೂರ
೧೬ ಜನವರಿ ೨೦೨೫, ಗುರುವಾರ

ಶುಭಮ್‌ನ ಅಪ್ಪಾರಿಗೆ ದಾಕ್ಷಾಯಿಣಿಯ ಶರಣು.

ನಿಮ್ಮ ಮೊಣಕಾಲು ನೋವು ಹೇಗಿದೆ? ಜಮ್ಮುವಿನ ಚಳಿಯಲ್ಲಿ ಉಣ್ಣೆಯ ಕಾಲುಚೀಲ ಹಾಕುತ್ತೀರೋ, ಇಲ್ಲಾ ಅವು ಪೆಟ್ಟಿಗೆಯಲ್ಲೇ ಇವೆಯೋ? ನಾವು ಆರಾಮ ಇದ್ದೇವೆ. ಸಂಕ್ರಾಂತಿಯ ಕುಸರೆಳ್ಳು ಇದರೊಳಗೆ ಇಟ್ಟಿದ್ದೇನೆ. ಫೋನಿದ್ದೂ ಪತ್ರ ಯಾಕೆ ಅಂತೀರಿ. ಫೋನಿನಲ್ಲಿ ನನ್ನ ಮಾತು ಅರ್ಧಕ್ಕಿರುವಾಗಲೇ ‘ಆತ್ ಬಿಡು, ತಿಳೀತು’ ಅಂದುಬಿಡುತ್ತೀರಿ. ಪತ್ರವನ್ನಾದರೂ ಕೊನೆತನಕ ಓದಲೇಬೇಕು.

ವಿಷಯ ಮಾವಾರದ್ದು. ಶಿವರಾತ್ರಿ ಮುಗಿದ ಮೇಲೆ ಅವರನ್ನು ಹತ್ತರಗಿಗೆ, ಶೈಲಕ್ಕನ ಮನೆಗೆ ಕಳಿಸುವುದೆಂದು ಅಕ್ಕ-ತಮ್ಮ ಸೇರಿ ಫೋನಿನಲ್ಲೇ ಮುಗಿಸಿದಿರಿ. ಹೈವೇ ಬಾಜೂಕೇ ಇದೆ, ಬೆಳಗಾವಿಯ ಡಾಕ್ಟರು ಹತ್ತಿರ, ನನಗೂ ಹಗುರ ಅಂದಿರಿ. ಒಳ್ಳೆಯದಕ್ಕೇ ಅಂದಿರಿ, ಒಪ್ಪುತ್ತೇನೆ. ವಿಡಿಯೋ ಕಾಲ್‌ನಲ್ಲಿ ಈ ಮಾತು ಕೇಳಿ ಮಾವಾರು ಕಣ್ಣು ಮುಚ್ಚಿದರು. ‘ಅಪ್ಪ ಹೂಂ ಅಂದ’ ಎಂದರು ಅಕ್ಕ. ನಾನೂ ಹಾಗೇ ತಿಳಿದೆ. ಲಕವಾ ಹೊಡೆದು ಕೈಕಾಲು, ನಾಲಿಗೆ ಎಲ್ಲ ನಿಂತ ಮನುಷ್ಯ ಇನ್ನು ಹೇಗೆ ಹೇಳಬೇಕು?

ಗೋಕಾಕದ ಆಸ್ಪತ್ರೆಯಲ್ಲಿ ಮಾತು ಕಲಿಸುವ ಅಲ್ಮಾಸ ಮೇಡಂ ಇದ್ದಾರೆ. ನೋಟದಿಂದಲೇ ನಡೆಯುವ ಕಂಪ್ಯೂಟರಿನ ಮುಂದೆ ಅವರು ಮಾವಾರನ್ನು ಕೂಡ್ರಿಸಿದರು. ಅಕ್ಷರದ ಮೇಲೆ ಕಣ್ಣು ನಿಲ್ಲಿಸಿದರೆ ಅದು ಹಿಡಿದುಕೊಂಡು, ಆಮೇಲೆ ಓದಿ ಹೇಳುತ್ತದೆ. ಬೆಂಗಳೂರಿನ ಹೆಣ್ಣುಮಗಳ ದನಿಯಲ್ಲಿ ‘ನನಗೆ ಚಹಾ ಬೇಕು’ ಎಂದಿತು. ಒಂದು ಕೂಗಿಗೆ ಎತ್ತು ನಿಲ್ಲಿಸುತ್ತಿದ್ದವರ ಮಾತು ಆ ದನಿಯಲ್ಲಿ ಕೇಳಿ ನಾನು ಸೆರಗಿನೊಳಗೇ ನಕ್ಕೆ. ಆ ಕಂಪ್ಯೂಟರ್ ನಮ್ಮ ಮನೆಗೆ ಬರುವುದು ಯುಗಾದಿಗೆ. ಅಲ್ಲಿಯವರೆಗೆ ಅಕ್ಷರ ಬರೆದ ಗಾಜಿನಂಥ ಪ್ಲಾಸ್ಟಿಕ್ ಹಲಗೆ ಕೊಟ್ಟಿದ್ದಾರೆ. ಇಬ್ಬರ ನಡುವೆ ಅದನ್ನು ಹಿಡಿಯಬೇಕು; ಅವರು ಯಾವ ಅಕ್ಷರ ನೋಡುತ್ತಾರೆಂದು ಈಚೆಯಿಂದ ನಾನು ಅವರ ಕಣ್ಣು ನೋಡಿ ಹೇಳಬೇಕು. ಸರಿಯಿದ್ದರೆ ಅವರು ಮೇಲೆ ನೋಡುತ್ತಾರೆ.

ಅಲ್ಲೇ ಬಂತು ಪೇಚು. ಮದುವೆಯಾಗಿ ಬಂದಾಗಿನಿಂದ ನಾನು ಮಾವಾರ ಮುಂದೆ ಸೆರಗು ಹೊತ್ತು ನೆಲ ನೋಡಿದವಳು. ಓರೆಗಣ್ಣಿನಲ್ಲಿ ಒಂದಿಷ್ಟು ನೋಡಿ ತಲೆ ತಗ್ಗಿಸುತ್ತಿದ್ದೆ. ಅವರು ಏನೇ ಹೇಳಲಿ, ನನಗೆ ‘ನೀರು’ ಅಂತಲೇ ಕಾಣುತ್ತಿತ್ತು. ಪಾಪ, ದಿನವಿಡೀ ಚಮಚದಿಂದ ನೀರು ಕುಡಿಸಿದೆ. ಮೇಡಂ ಬೈದರು: ‘ಅಕ್ಕಾರ, ನೆಲಾ ನೋಡಿದ್ರ ಅಕ್ಷರ ಸಿಗೂದಿಲ್ರಿ.’ ಮರುದಿನ ಸೆರಗು ಹಿಂದಕ್ಕೆ ಸರಿಸಿ, ಮನಸ್ಸು ಗಟ್ಟಿ ಮಾಡಿಕೊಂಡು ನೋಡಿದೆ. ಅವರ ಕಣ್ಣು ನಿಮ್ಮಂತೆಯೇ ತಿಳಿ ಬೆಲ್ಲದ ಬಣ್ಣದ್ದು. ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಅವರು ಹೇಳಿದ ಮೊದಲ ಮಾತು, ‘ನೀರ ಸಾಕ.’ ನಗು ತಡೆಯದೆ ಹಲಗೆ ಕೈಬಿಡುವುದಿತ್ತು. ಈಗ ದಿನಾ ಮಾತಾಡುತ್ತೇವೆ.

ಹೀಗಾಗಿ ಒಂದು ತಿಳಿಯಿತು. ಅವರ ‘ಹೌದು’ ಎಂದರೆ ಕಣ್ಣು ಮೇಲಕ್ಕೆ. ಮುಚ್ಚಿದರೆ, ಆ ಮಾತೇ ಬೇಡ ಅಂತ. ಅಂದಿನಿಂದ ಹತ್ತರಗಿಯ ವಿಷಯ ನನ್ನನ್ನು ಚುಚ್ಚುತ್ತಿದೆ. ಕೇಳಿಬಿಡಬೇಕು, ಆದರೆ ‘ಮಗಳ ಮನೀನ ಬೇಕ’ ಅಂದುಬಿಟ್ಟರೆ ಎಂದು ಧೈರ್ಯ ಸಾಲದು. ಅವರು ಹೋದರೆ ನನಗೆ ಅಳು ಬರುತ್ತದೆ, ಇದ್ದದ್ದು ಹೇಳುತ್ತೇನೆ.

ನಾಳೆ ಮೂಡಲಗಿಗೆ ಹೋದಾಗ ಇದನ್ನು ಪೋಸ್ಟಿಗೆ ಹಾಕುತ್ತೇನೆ. ಶುಭಮ್ ನಮಸ್ಕಾರ ಹೇಳಿದ್ದಾನೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ. ಬಸವಣ್ಣ ನಿಮ್ಮನ್ನು ಕಾಯಲಿ.

ನಿಮ್ಮ
ದಾಕ್ಷಾಯಿಣಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಮಾವಾರನ್ನು ಕೇಳಿಯೇ ಬಿಟ್ಟೆ. ಅರ್ಧಕ್ಕೇ ನನಗೆ ಗೊತ್ತಾಯಿತು, ಆದರೂ ನಿಮ್ಮ ಹಾಗೆ ನಡುವೆ ಬಾಯಿ ಹಾಕಲಿಲ್ಲ. ಎಮ್ಮೆ ಹಿಂಡುವ ಹೊತ್ತು ಮೀರಿದರೂ ಹಲಗೆ ಹಿಡಿದೇ ಕುಳಿತೆ. ನಿಮ್ಮ ಹೆಸರನ್ನೂ ನನ್ನ ಬಾಯಿಂದ ಅಕ್ಷರ ಅಕ್ಷರವಾಗಿ ಹೇಳಿಸಿದರು. ಅದರ ಹಿಂದೆ ಬಂದ ಬೈಗುಳ ನಾನು ಬರೆಯಲಾರೆ. ಶೈಲಕ್ಕ ಬಂದರೆ ಚಹಾಕ್ಕಿಂತ ಮೊದಲು ಅವರ ಕೈಗೆ ಹಲಗೆ ಕೊಡುತ್ತೇನೆ. ಮಾವಾರು ಹೇಳಿದ್ದು ಇದು: ‘ಸೋಮ್ಯಾ, ನಾ ಎಲ್ಲೂ ಹೋಗೂದಿಲ್ಲ. ನಾ ಇನ್ನೂ ಅದೇನಿ, ನನ್ನ ಕೇಳ.’