ಮೊಳೆಗೆ ತೂಗುಹಾಕಿದ ಎರಡು ರೊಟ್ಟಿ

ತುರ್ಕಿಸ್ತಾನದ ಈ ಗಡಿ ಜಿಲ್ಲೆಯನ್ನು ರಷ್ಯದ ಚಕ್ರವರ್ತಿಗಳ ಪರವಾಗಿ ಆಳುತ್ತಿರುವ ಮಾನ್ಯ ಜಿಲ್ಲಾಧಿಕಾರಿಗಳೇ,

ನನ್ನ ರಾಜೀನಾಮೆಯನ್ನು ತಾವು ನಾಲ್ಕನೆಯ ಬಾರಿ ಹಿಂದಿರುಗಿಸಿದ್ದೀರಿ. "ಬದಲಿ ದುಭಾಷಿ ಸಿಗುವವರೆಗೆ ಬಿಡುಗಡೆಯಿಲ್ಲ, ರಜೆಯೂ ಇಲ್ಲ" ಎಂಬ ತಮ್ಮ ಷರಾವನ್ನು ನಮ್ಮ ಭಾಷೆಗೆ ತರ್ಜುಮೆ ಮಾಡಿ ಕಡತಕ್ಕೆ ಸೇರಿಸಿದವನೂ ನಾನೇ.

ಬದಲಿ ಎಲ್ಲಿಂದ ಬರಬೇಕು? ನಾನು ಚಹಾದಂಗಡಿಗೆ ಕಾಲಿಟ್ಟರೆ ಮಾತು ನಿಲ್ಲುತ್ತದೆ. "ಬಾರಪ್ಪ, ದೊರೆ ನಾಲಿಗೆ. ಇವತ್ತು ಯಾರ ಹೊಲಕ್ಕೆ ಕಂದಾಯ ಏರ್ಸಿ ಬಂದೆ?" ಎನ್ನುತ್ತಾನೆ ಸಫರ್ ಅಜ್ಜ. ಏರಿಸಿದವರು ತಾವು, ಸಾರಿದ ಬಾಯಿ ನನ್ನದು. ಇಂಥ ನೌಕರಿಗೆ ಯಾವ ತಾಯಿ ಮಗನನ್ನು ಕಳಿಸುತ್ತಾಳೆ? ನನ್ನ ತಾಯಿ ಕಳಿಸಿದಳು. ಹೊರಡುವ ದಿನ ನಮ್ಮ ವಾಡಿಕೆಯಂತೆ ರೊಟ್ಟಿಯೊಂದನ್ನು ಒಂದು ತುತ್ತು ಕಚ್ಚಿಸಿ, ಉಳಿದದ್ದನ್ನು ಗೋಡೆಯ ಮೊಳೆಗೆ ತೂಗುಹಾಕಿದಳು. ಹೋದವನೇ ಮರಳಿ ಬಂದು ಅದನ್ನು ತಿಂದು ಮುಗಿಸಬೇಕು. ನಮ್ಮೂರು ಇಲ್ಲಿಂದ ನಾಲ್ಕು ದಿನದ ಕುದುರೆ ಹಾದಿ. ಆರು ವರ್ಷವಾಯಿತು, ರೊಟ್ಟಿ ಅಲ್ಲೇ ಇದೆ.

ಕಳೆದ ತಿಂಗಳು ತಾವು ನೇಮಕಾತಿ ಪ್ರಕಟಣೆ ಹೊರಡಿಸಿದಿರಿ. ನನಗೂ ಬಿಡುಗಡೆಯ ಆಸೆ ತಾನೇ? ಗೌರವ, ಸಮವಸ್ತ್ರ, ಬಡ್ತಿ ಎಂದು ಸಕ್ಕರೆ ಸುರಿದು ತರ್ಜುಮೆ ಮಾಡಿದೆ. ನಾನು ಕಣ್ಣಲ್ಲೂ ಕಾಣದ ಬಡ್ತಿ ಆ ಕಾಗದದಲ್ಲಿ ಬಹಳ ಚೆನ್ನಾಗಿತ್ತು. ನಾನು ತೋಡಿದ ಆ ಗುಂಡಿಗೆ ಬಂದು ಬಿದ್ದವನು ಒಬ್ಬನೇ, ನನ್ನ ತಮ್ಮ ತುರೋಬ್.

"ಅಣ್ಣಾ, ನಾನು ಸೇರ್ಕೊಂಡ್ರೆ ನಿನ್ನ ಬಿಡ್ತಾರಲ್ಲ?" ಎಂದ.

"ನಿನ್ನ ಯಾರು ಬಿಡಿಸ್ತಾರೋ?"

"ಅದನ್ನ ಆಮೇಲೆ ನೋಡ್ಕೊಳ್ಳೋಣ. ಅಮ್ಮ ನಂಗೂ ರೊಟ್ಟಿ ಕಚ್ಚಿಸಿ ಕಳ್ಸಿದಾಳೆ."

ನನಗೆ ಅಳು ಬಂತು.

ಅವನನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕಾದ ದುಭಾಷಿಯೂ ನಾನೇ. "ಅಭ್ಯರ್ಥಿಗೆ ರಷ್ಯನ್ ಬಾರದು" ಎಂದು ಬರೆದು ಸಹಿ ಹಾಕಿದ್ದೇನೆ. ತಮಗೆ ಅನುಮಾನ ಬಂದಿದೆಯಂತೆ. ಬರಲಿ. ಸುಳ್ಳು ಪ್ರಮಾಣಪತ್ರ ಕೊಟ್ಟವನನ್ನು ಆ ಕ್ಷಣವೇ ವಜಾ ಮಾಡಬೇಕೆಂಬ ನಿಯಮ ತಮ್ಮದೇ, ಅದನ್ನೂ ತರ್ಜುಮೆ ಮಾಡಿದ್ದೇನೆ. ಆದ್ದರಿಂದ ನನ್ನ ಒತ್ತಾಯ ಇಷ್ಟೇ: ನಾನು ಬರೆದದ್ದು ಸುಳ್ಳಾದರೆ ನನ್ನನ್ನು ವಜಾ ಮಾಡಿ, ನಿಜವಾದರೆ ಅವನನ್ನು ಮನೆಗೆ ಕಳಿಸಿ. ಎರಡರಲ್ಲಿ ಒಂದು ರೊಟ್ಟಿ ಮೊಳೆಯಿಂದ ಇಳಿಯಲೇಬೇಕು.

ಯಾವುದೆಂದು ತಾವು ಕೇಳಿದರೆ, ನನ್ನದು ಕಲ್ಲಾಗಿದೆ. ಅವನದು ಚಹಾದಲ್ಲಿ ಅದ್ದಿದರೆ ಇನ್ನೂ ತಿನ್ನಬಹುದು.

ಇಂತಿ,
ತಮ್ಮ ನಾಲಿಗೆಯಾಗಿ ಊರಿನ ಮಾತು ಕಳೆದುಕೊಂಡ
ಹಕ್‌ನಜರ್,
ಬದಲಿಯಿಲ್ಲದ ದುಭಾಷಿ